ವಿಮಾನ ಬಿದ್ದ ಮೇಲೆ ಆ ಮಾದರಿಯನ್ನೇ ಯಾಕೆ ನಿಲ್ಲಿಸುವುದಿಲ್ಲ?

ಅಹಮದಾಬಾದಿನ ದುರಂತದ ನಂತರ ಗಲ್ಫ್ ನಂಟಿರುವ ನಮ್ಮ ಮನೆಗಳಲ್ಲಿ ಒಂದು ಹೊಸ ಅಭ್ಯಾಸ ಶುರುವಾಗಿದೆ. ಮೊದಲೆಲ್ಲ ಟಿಕೆಟ್ ಕೈಗೆ ಬಂದರೆ ದರ ಎಷ್ಟು, ಲಗೇಜ್ ಎಷ್ಟು ಕೆ.ಜಿ. ಅಂತ ನೋಡುತ್ತಿದ್ದರು. ಈಗ ಉಮ್ಮಂದಿರೂ ಕೇಳುತ್ತಾರೆ, ವಿಮಾನ ಯಾವುದು, ಬೋಯಿಂಗಾ ಏರ್‌ಬಸ್ಸಾ ಅಂತ. ವ್ಯಾಪಾರಕ್ಕೆಂದು ಹೋಗಿ ನಾಗಮಂಗಲದ ಹೊಣಕೆರೆಯಲ್ಲೇ ನೆಲೆ ನಿಂತ ನಮ್ಮ ಕಡೆಯ ಹಿರಿಯರೊಬ್ಬರು ಮೊನ್ನೆ ಫೋನಿನಲ್ಲಿ ಇದೇ ಮಾತು ತೆಗೆದರು. ಅವರ ಮಾತಿಗೆ ಅರ್ಧ ಮಂಡ್ಯ ಸೇರಿಕೊಂಡಿದೆ. "ಅಲ್ಲಾ ಕಣಪ್ಪ, ಒಂದ್ ಬಸ್ಸು ಎರಡ್ ಸಲ ಮಗುಚಿದ್ರೆ ಆ ಬಸ್ಸಿಗೆ ಜನ ಹತ್ತಲ್ಲ. ಈ ವಿಮಾನದೋರು ಮಾತ್ರ ಅಷ್ಟ್ ಜನ ಸತ್ರೂ ಅದೇ ವಿಮಾನ ಓಡುಸ್ತಾ ಇರ್ತಾರಲ್ಲ, ಇದೆಂಗೆ?"

ಪ್ರಶ್ನೆ ಸರಿಯಾಗಿಯೇ ಇದೆ. ಕೆಲವು ಮಾದರಿಗಳನ್ನು ಅಪಘಾತದ ನಂತರ ನಿಲ್ಲಿಸಿದ್ದೂ ಉಂಟು, ಕೆಲವನ್ನು ನಿಲ್ಲಿಸಲೇ ಇಲ್ಲ. ಯಾವುದನ್ನು ಯಾಕೆ ಅನ್ನುವ ಲೆಕ್ಕ ಗೊತ್ತಾದರೆ ನಾವು ಹೆದರಬೇಕಾದದ್ದು ಯಾವುದಕ್ಕೆ ಅನ್ನುವುದೂ ಸ್ವಲ್ಪ ಗೊತ್ತಾಗುತ್ತದೆ.

ನಮ್ಮದೇ ಬಜ್ಪೆಯಿಂದ ಶುರು ಮಾಡೋಣ. 2010ರ ಮೇ 22ರ ಬೆಳಗ್ಗೆ ಕೆಂಜಾರಿನ ಕಣಿವೆಗೆ ಬಿದ್ದದ್ದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800. ದುಬೈಯಿಂದ ಬಂದ ಆ ವಿಮಾನದಲ್ಲಿ 166 ಮಂದಿ ಇದ್ದರು, 158 ಮಂದಿ ಹೋದರು, 8 ಮಂದಿ ಉಳಿದರು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಎಷ್ಟು ಮನೆಗಳ ದೀಪ ಆರಿತು ಅಂತ ಈ ಪುಟದ ಓದುಗರಿಗೆ ಹೇಳಬೇಕಾಗಿಲ್ಲ. ಆದರೆ ಆ ವಿಮಾನ ಹಳೆಯದಾಗಿತ್ತು ಅಂತ ಇವತ್ತಿಗೂ ಹೇಳುವವರಿದ್ದಾರೆ. ಅದು ಕಂಪನಿಗೆ ಬಂದು ಎರಡು ವರ್ಷ ಚಿಲ್ಲರೆ ಆಗಿತ್ತಷ್ಟೆ. ಇಂಜಿನ್ ಕೆಟ್ಟಿರಲಿಲ್ಲ, ಚಕ್ರ ಸಿಕ್ಕಿಕೊಂಡಿರಲಿಲ್ಲ, ಬ್ರೇಕ್ ಫೇಲ್ ಆಗಿರಲಿಲ್ಲ.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ಹೇಳಿದ್ದು ಬೇರೆಯೇ. ಹಿಂದಿನ ರಾತ್ರಿ ಮಂಗಳೂರಿನಿಂದ ದುಬೈಗೆ ವಿಮಾನ ಒಯ್ದ ಸಿಬ್ಬಂದಿಯೇ ಅದನ್ನು ವಾಪಸ್ ತರುತ್ತಿದ್ದರು. ಕಾಕ್‌ಪಿಟ್ ಧ್ವನಿಮುದ್ರಣದ ಮೊದಲ 1 ಗಂಟೆ 40 ನಿಮಿಷದಲ್ಲಿ ಇಬ್ಬರು ಪೈಲಟ್‌ಗಳ ನಡುವೆ ಮಾತುಕತೆಯೇ ಇಲ್ಲ, ಕ್ಯಾಪ್ಟನ್ ಗೊರಕೆ ಹೊಡೆಯುವ ಸದ್ದು ಇದೆ. ಎಚ್ಚರವಾದ ಮೇಲೂ ನಿದ್ದೆಯ ಮಂಪರು ಹೋಗಿರಲಿಲ್ಲ. ವಿಮಾನ ಇರಬೇಕಾದ ಎತ್ತರಕ್ಕಿಂತ ತುಂಬಾ ಮೇಲಿತ್ತು. ಸಹ ಪೈಲಟ್ ಮೂರು ಸಲ "ಇಳಿಸುವುದು ಬೇಡ, ಮೇಲಕ್ಕೆ ಹೋಗೋಣ" ಅಂತ ಹೇಳಿದ್ದು ದಾಖಲಾಗಿದೆ. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಆಗಲೂ ಬ್ರೇಕ್ ಒತ್ತಿ ಹಿಡಿದಿದ್ದರೆ ನಿಲ್ಲಿಸಬಹುದಿತ್ತು ಅನ್ನುತ್ತದೆ ವರದಿ. ಕ್ಯಾಪ್ಟನ್ ಮತ್ತೆ ಹಾರಿಸಲು ನೋಡಿದರು. ರನ್‌ವೇ ಮುಗಿದ ಮೇಲೆ ಆಂಟೆನಾ ಕೂರಿಸಿದ್ದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿಯಿತು. ವಿಮಾನ ತಾಗಿದರೆ ಸುಲಭವಾಗಿ ಮುರಿದು ಬೀಳುವಂಥ ರಚನೆ ಇರಬೇಕಾದ ಜಾಗ ಅದು. ಅದರಾಚೆ ಕಣಿವೆ.

ಹಾಗಾದರೆ 737-800 ಮಾದರಿಯನ್ನು ನಿಲ್ಲಿಸಿದ್ದರೆ ಇದರಲ್ಲಿ ಯಾವುದು ಸರಿಯಾಗುತ್ತಿತ್ತು? ಒಂದೂ ಇಲ್ಲ. ಏರ್‌ಬಸ್ ಆಗಿದ್ದರೂ ಆ ದಿನ ಆ ಕೈಯಲ್ಲಿ ಆ ರನ್‌ವೇಯಲ್ಲಿ ಅದೇ ಆಗುತ್ತಿತ್ತು. ಇದಕ್ಕೆ ಪುರಾವೆ ಬೇಕಾದರೆ ಬಜ್ಪೆಯಲ್ಲೇ ಇದೆ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ಮಳೆಯಲ್ಲಿ ಆಗಿನ ಗಿಡ್ಡ ರನ್‌ವೇಯನ್ನು ದಾಟಿ ಅಂಚಿನಾಚೆ ಹೋಗಿ ನಿಂತಿತು. ಆಗ ರಾಜ್ಯದ ಮಂತ್ರಿಯಾಗಿದ್ದ ವೀರಪ್ಪ ಮೊಯ್ಲಿ ಅದರಲ್ಲಿದ್ದರು. ಯಾರ ಜೀವವೂ ಹೋಗಲಿಲ್ಲ, ಹಾಗಾಗಿ ಯಾರಿಗೂ ನೆನಪಿಲ್ಲ. ಆವ್ರೋ ಎಂದೋ ಮೂಲೆ ಸೇರಿತು, ಹೊಸ ರನ್‌ವೇ ಬಂತು, ಜೆಟ್ ವಿಮಾನ ಬಂತು. ಗುಡ್ಡದ ತಲೆ ಕಡಿದು ಮಾಡಿದ ಜಾಗ ಮಾತ್ರ ಹಾಗೇ ಇದೆ.

ಇನ್ನೊಂದು ಕಾರಣವನ್ನೂ ಬಾಯಿಬಿಟ್ಟು ಹೇಳಬೇಕು, ದುಡ್ಡು. 737-800 ಮಾದರಿಯ ವಿಮಾನಗಳನ್ನು ಬೋಯಿಂಗ್ ಹತ್ತಿರ ಹತ್ತಿರ 5,000 ತಯಾರಿಸಿದೆ. 2010ರಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕಂಪನಿ ನಿಂತದ್ದೇ ಆ ಒಂದು ಮಾದರಿಯ ಮೇಲೆ. ಪೈಲಟ್‌ಗಳ ಲೈಸೆನ್ಸ್ ಅದಕ್ಕೆ, ಮೆಕ್ಯಾನಿಕ್‌ಗಳ ತರಬೇತಿ ಅದಕ್ಕೆ, ಗೋದಾಮಿನ ಬಿಡಿಭಾಗ ಅದಕ್ಕೆ. ಕಾರಿನ ಡ್ರೈವರ್ ಇವತ್ತು ಮಾರುತಿ ನಾಳೆ ಇನ್ನೋವಾ ಓಡಿಸಿದ ಹಾಗೆ ಪೈಲಟ್‌ಗೆ ಬೋಯಿಂಗ್ ಬಿಟ್ಟು ಏರ್‌ಬಸ್ ಹತ್ತಲು ಆಗುವುದಿಲ್ಲ, ಪ್ರತ್ಯೇಕ ತರಬೇತಿ, ಪ್ರತ್ಯೇಕ ಪರೀಕ್ಷೆ ಬೇಕು. ಆ ಮಾದರಿ ನಿಲ್ಲಿಸುವುದೆಂದರೆ ಕಂಪನಿಗೆ ಬಾಗಿಲು ಹಾಕುವುದು ಅಂತಲೇ ಅರ್ಥ. ಹೆಚ್ಚು ಸಂಖ್ಯೆಯಲ್ಲಿರುವ ವಿಮಾನದಲ್ಲಿ ದೋಷ ಸಿಕ್ಕರೆ ರಿಪೇರಿ ಮಾಡುತ್ತಾರೆ. ಹತ್ತು ಹನ್ನೆರಡು ಮಾತ್ರ ಇರುವ ವಿಮಾನದಲ್ಲಿ ಸಿಕ್ಕರೆ ಮ್ಯೂಸಿಯಂಗೆ ಕಳಿಸುತ್ತಾರೆ.

ಇಲ್ಲಿ ಎರಡು ಮಾತು ಬೇರೆ ಬೇರೆ ಮಾಡಿಕೊಳ್ಳಬೇಕು. ನೆಲಕ್ಕಿಳಿಸುವುದು ಬೇರೆ, ನಿವೃತ್ತಿ ಮಾಡುವುದು ಬೇರೆ. ನೆಲಕ್ಕಿಳಿಸುವುದು ಸರಕಾರ, ನಮ್ಮಲ್ಲಿ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಅದು ತಾತ್ಕಾಲಿಕ. ನಿವೃತ್ತಿ ಮಾಡುವುದು ಕಂಪನಿ, ಲಾಭ ನಷ್ಟ ನೋಡಿ.

ಮೊದಲನೆಯದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ವಿಮಾನ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಕಂಪ್ಯೂಟರ್ ಮೂಲಕ ಹಾರುವ ಹೊಸ ನಮೂನೆಯ ವಿಮಾನ ಅದು. ಎರಡು ವರ್ಷ ಮೊದಲು ಫ್ರಾನ್ಸಿನಲ್ಲಿ ಒಂದು ಎ320 ಪ್ರದರ್ಶನ ಹಾರಾಟದಲ್ಲೇ ಮರಗಳಿಗೆ ನುಗ್ಗಿತ್ತು. ಹಾಗಾಗಿ ಜನರಿಗೆ ಅನುಮಾನ, ಕಂಪ್ಯೂಟರ್ ಕೈಕೊಟ್ಟಿತಾ ಅಂತ.

ವಿ.ಪಿ. ಸಿಂಗ್ ಸರಕಾರ ಆಗಷ್ಟೇ ಬಂದಿತ್ತು, ಆರಿಫ್ ಮೊಹಮ್ಮದ್ ಖಾನ್ ವಿಮಾನಯಾನ ಮಂತ್ರಿ. ಇಂಡಿಯನ್ ಏರ್‌ಲೈನ್ಸ್‌ನ ಎಲ್ಲಾ ಎ320ಗಳನ್ನು ನೆಲಕ್ಕಿಳಿಸಿದರು. ರಾಜೀವ್ ಗಾಂಧಿ ಕಾಲದಲ್ಲಿ ಆದ ಆ ಖರೀದಿಯ ಬಗ್ಗೆಯೇ ಆರೋಪ ಇತ್ತು, ಸಿಬಿಐ ಕೇಸೂ ಆಯಿತು. ವಿಮಾನ ನಿಂತದ್ದರಲ್ಲಿ ಸುರಕ್ಷತೆ ಎಷ್ಟು, ರಾಜಕೀಯ ಎಷ್ಟು ಅಂತ ಅಳೆಯುವುದು ಕಷ್ಟ. ಎರಡೂ ಇತ್ತು ಅಂತಲೇ ನನ್ನ ಅನಿಸಿಕೆ. ತಿಂಗಳುಗಟ್ಟಲೆ ಹೊಚ್ಚ ಹೊಸ ವಿಮಾನಗಳು ಧೂಳು ತಿಂದವು, ಕಂಪನಿ ನಷ್ಟಕ್ಕೆ ಬಿತ್ತು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ತನಿಖೆ ನಡೆಸಿದರು. ಇಳಿಯುವ ಹೊತ್ತಲ್ಲಿ ವಿಮಾನ ತಪ್ಪು ಮೋಡ್‌ನಲ್ಲಿತ್ತು, ಇಂಜಿನ್‌ಗಳು ಐಡಲ್‌ನಲ್ಲೇ ಓಡುತ್ತಿದ್ದವು, ವೇಗವೂ ಎತ್ತರವೂ ಕಡಿಮೆಯಾಗುತ್ತಾ ಹೋದದ್ದು ಪೈಲಟ್‌ಗಳ ಗಮನಕ್ಕೆ ಬರುವಾಗ ತಡವಾಗಿತ್ತು ಅನ್ನುವುದು ಸಾರ. ಯಂತ್ರ ಕೆಟ್ಟಿರಲಿಲ್ಲ. ಆದರೆ ಯಂತ್ರ ತಾನೇನು ಮಾಡುತ್ತಿದ್ದೇನೆ ಅಂತ ಮನುಷ್ಯನಿಗೆ ಸರಿಯಾಗಿ ಹೇಳುತ್ತಿತ್ತಾ? ಈ ಪ್ರಶ್ನೆ ಉಳಿಯಿತು. 1992ರ ಜನವರಿಯಲ್ಲಿ ಫ್ರಾನ್ಸಿನ ಬೆಟ್ಟವೊಂದಕ್ಕೆ ಇನ್ನೊಂದು ಎ320 ಬಡಿದು 87 ಮಂದಿ ಸತ್ತರು. ಅಲ್ಲೂ ಎರಡು ಬೇರೆ ಬೇರೆ ಇಳಿಯುವ ಕ್ರಮಗಳ ಅಂಕಿ ಪರದೆಯ ಮೇಲೆ ಒಂದೇ ತರ ಕಾಣುತ್ತಿತ್ತು. ಆಮೇಲೆ ಏರ್‌ಬಸ್ ಆ ಪರದೆಯನ್ನೇ ಬದಲಾಯಿಸಿತು. ಮಾದರಿ ಉಳಿಯಿತು. ಇವತ್ತು ಇಂಡಿಗೋದಲ್ಲಿ ಬೆಂಗಳೂರಿಗೋ ಮುಂಬೈಗೋ ಹೋಗುವ ನಮ್ಮಲ್ಲಿ ಹೆಚ್ಚಿನವರು ಕೂರುವುದು ಅದೇ ಎ320ರ ಕುಟುಂಬದಲ್ಲಿ.

ಇನ್ನು ನಿಜವಾಗಿ ನಿವೃತ್ತಿಯಾದವು. ಎಲ್ಲರೂ ಹೇಳುವ ಹೆಸರು ಕಾಂಕಾರ್ಡ್. 2000ದ ಜುಲೈ 25ರಂದು ಪ್ಯಾರಿಸ್‌ನಲ್ಲಿ ಬಿತ್ತು. ಮುಂದೆ ಹೋದ ಇನ್ನೊಂದು ವಿಮಾನದಿಂದ ರನ್‌ವೇಗೆ ಬಿದ್ದಿದ್ದ ಲೋಹದ ಪಟ್ಟಿ ಟೈರ್ ಹರಿದು, ಟೈರಿನ ಚೂರು ಇಂಧನ ಟ್ಯಾಂಕಿಗೆ ಬಡಿದು ಬೆಂಕಿ. 113 ಮಂದಿ ಸತ್ತರು. ಆದರೆ ಕಾಂಕಾರ್ಡ್ ಆ ಅಪಘಾತದಿಂದ ನಿಂತಿತು ಅನ್ನುವುದು ಅರ್ಧ ಸತ್ಯ. ಟ್ಯಾಂಕ್, ಟೈರ್ ಸರಿ ಮಾಡಿ 2001ರ ನವೆಂಬರ್‌ನಲ್ಲಿ ಮತ್ತೆ ಹಾರಿಸಿದರು. 2003ರಲ್ಲಿ ನಿಲ್ಲಿಸಿದ್ದು ಖರ್ಚು ತಾಳಲಾರದೆ. ಇದ್ದದ್ದೇ ಬೆರಳೆಣಿಕೆ ವಿಮಾನ, ಹತ್ತುವವರು ಕಡಿಮೆಯಾದರು, ಬಿಡಿಭಾಗ ಕೊಡುವವರೂ ಸಾಕು ಅಂದರು. ಅಪಘಾತ ಒಂದು ದೂಡು ದೂಡಿತು ಅಷ್ಟೆ.

ಕಾಮೆಟ್‌ನ ಕಥೆ ಹಾಗಲ್ಲ. ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ಅದು. 1953ರ ಮೇ 2ರಂದು ಕಲ್ಕತ್ತೆಯಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಒಂದು ಕಾಮೆಟ್ ಬಿರುಗಾಳಿಯಲ್ಲಿ ಚೂರುಚೂರಾಗಿ 43 ಮಂದಿ ಸತ್ತರು. ಗಾಳಿಯ ಮೇಲೆ ತಪ್ಪು ಹೊರಿಸಿದರು. 1954ರಲ್ಲಿ ಜನವರಿಗೊಂದು, ಏಪ್ರಿಲ್‌ಗೊಂದು ಇಟಲಿಯ ಕಡಲಿಗೆ ಬಿತ್ತು. ಆಗ ಒಂದು ವಿಮಾನದ ಒಡಲನ್ನೇ ನೀರಿನ ತೊಟ್ಟಿಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಹಾರಿ ಹಾರಿ ಲೋಹ ದಣಿದು ಬಿರುಕು ಬಿಡುತ್ತಿದೆ ಅಂತ. ರಿಪೇರಿಗೆ ಬಗ್ಗುವ ದೋಷ ಅಲ್ಲ ಅದು. ಆ ಮಾದರಿ ಅಲ್ಲಿಗೇ ಮುಗಿಯಿತು. ಬೇರೆಯೇ ಒಡಲಿನ ಹೊಸ ಕಾಮೆಟ್ 1958ರಲ್ಲಿ ಬಂತು, ಅಷ್ಟರಲ್ಲಿ ಮಾರುಕಟ್ಟೆ ಬೋಯಿಂಗ್ ಪಾಲಾಗಿತ್ತು. ಕಲ್ಕತ್ತೆಯದ್ದನ್ನೇ ಸರಿಯಾಗಿ ಹುಡುಕಿದ್ದರೆ ಉಳಿದವರು ಸಾಯುತ್ತಿರಲಿಲ್ಲವೇನೋ.

ತೀರಾ ಇತ್ತೀಚಿನದು ಎಂಡಿ-11. 2025ರ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಯುಪಿಎಸ್ ಕಂಪನಿಯ ಸರಕು ವಿಮಾನದ ಎಡ ಇಂಜಿನ್ ಮೇಲೇರುವಾಗಲೇ ಕಳಚಿ ಬಿತ್ತು. ಇದರ ಅಣ್ಣನಂತಿರುವ ಡಿಸಿ-10ರ ಎಡ ಇಂಜಿನ್ 1979ರಲ್ಲಿ ಷಿಕಾಗೋದಲ್ಲಿ ಹೀಗೇ ಕಳಚಿ 273 ಮಂದಿ ಸತ್ತಿದ್ದರು. ಯುಪಿಎಸ್ ತನ್ನ ಎಂಡಿ-11ಗಳಿಗೆ ಶಾಶ್ವತ ವಿದಾಯ ಹೇಳಿತು. ಹೇಗೂ ಮುದಿ ವಿಮಾನಗಳು, ಕೆಲವೇ ವರ್ಷಗಳಲ್ಲಿ ತೆಗೆಯಬೇಕಾದವು. ರಿಪೇರಿಗೆ ದುಡ್ಡು ಹಾಕುವುದು ಯಾರಿಗೆ ಬೇಕು?

ಈಗ ನಮ್ಮ ಟಿಕೆಟ್‌ಗೆ ನೇರ ಸಂಬಂಧ ಇರುವ ಮಾದರಿಗೆ ಬರೋಣ, 737 ಮ್ಯಾಕ್ಸ್. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಈಗ ಹಳೆಯ 737-800ರ ಜೊತೆಗೆ ಇದನ್ನೂ ಓಡಿಸುತ್ತಿದೆ. ಟಿಕೆಟ್‌ನಲ್ಲಿ ಅಥವಾ ಬುಕಿಂಗ್‌ನಲ್ಲಿ 738 ಅಂತ ಇದ್ದರೆ 737-800, 7ಎಂ8 ಅಂತ ಇದ್ದರೆ ಮ್ಯಾಕ್ಸ್. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯದಲ್ಲಿ 189 ಮಂದಿ, 2019ರ ಮಾರ್ಚ್ 10ರಂದು ಇಥಿಯೋಪಿಯದಲ್ಲಿ 157 ಮಂದಿ, ಐದು ತಿಂಗಳೊಳಗೆ ಎರಡು. ಎರಡಕ್ಕೂ ಮೂಲ ಒಂದೇ. ದೊಡ್ಡ ಇಂಜಿನ್ ಕೂರಿಸಿದ್ದರಿಂದ ಮೂತಿ ಮೇಲೇಳುವ ಸ್ವಭಾವ ಬಂತು, ಅದನ್ನು ತಗ್ಗಿಸಲು ಒಂದು ಸಾಫ್ಟ್‌ವೇರ್ ಹಾಕಿದರು. ಅದು ಒಂದೇ ಒಂದು ಸೆನ್ಸರ್ ನಂಬುತ್ತಿತ್ತು. ಸೆನ್ಸರ್ ಸುಳ್ಳು ಹೇಳಿದರೆ ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತುತ್ತಿತ್ತು. ಇಂಥದ್ದೊಂದು ಇದೆ ಅಂತ ಪೈಲಟ್‌ಗಳ ಕೈಪಿಡಿಯಲ್ಲೇ ಇರಲಿಲ್ಲ. ಇದು ಪೈಲಟ್ ತಪ್ಪು ಅಂತ ಹೇಳಿ ಜಾರಿಕೊಳ್ಳುವ ಸಂಗತಿ ಅಲ್ಲ, ಕಂಪನಿ ಕಟ್ಟಿದ್ದೇ ತಪ್ಪು.

ಚೀನಾ ಮೊದಲು ನಿಲ್ಲಿಸಿತು, ಭಾರತ ಮಾರ್ಚ್ 12ರ ರಾತ್ರಿ ನಿಲ್ಲಿಸಿತು, ಅಮೆರಿಕ ಅದರ ಮರುದಿನ. ತಯಾರಿಸಿದ ದೇಶವೇ ಹಿಂದೆ ಬಿದ್ದದ್ದನ್ನು ಗಮನಿಸಿ. ಭಾರತದಲ್ಲಿ ಮತ್ತೆ ಅನುಮತಿ ಸಿಕ್ಕಿದ್ದು 2021ರ ಆಗಸ್ಟ್‌ನಲ್ಲಿ, ಎರಡು ಸೆನ್ಸರ್ ಹೋಲಿಸಿ ನೋಡುವಂತೆ ಸಾಫ್ಟ್‌ವೇರ್ ಬದಲಾಯಿಸಿ, ಪೈಲಟ್‌ಗಳಿಗೆ ಹೊಸ ತರಬೇತಿ ಕಡ್ಡಾಯ ಮಾಡಿದ ಮೇಲೆ. ಸಾವಿರಾರು ವಿಮಾನಗಳ ಆರ್ಡರ್ ಕೈಯಲ್ಲಿರುವಾಗ ನಿವೃತ್ತಿಯ ಮಾತೇ ಬರಲಿಲ್ಲ. ದೋಷ ಕಟ್ಟಡದಲ್ಲೇ ಇದ್ದ ಮಾದರಿ ಹಾರುತ್ತಿದೆ, ಅದು ದುಡ್ಡಿನ ಬಲ. ಆದರೆ ಆ ದೋಷವನ್ನು ಜಗತ್ತಿನ ಎಲ್ಲಾ ಪರೀಕ್ಷಕರು ಕೂದಲು ಸೀಳಿ ನೋಡಿದ್ದಾರೆ ಅನ್ನುವುದೂ ಅಷ್ಟೇ ನಿಜ. ಹಾಗಾಗಿ 7ಎಂ8 ಕಂಡ ಕೂಡಲೇ ಟಿಕೆಟ್ ಕ್ಯಾನ್ಸಲ್ ಮಾಡಿ ದುಡ್ಡು ಕಳಕೊಳ್ಳಿ ಅಂತ ನಾನು ಹೇಳುವುದಿಲ್ಲ.

ಅಹಮದಾಬಾದಿನದ್ದು 787 ಡ್ರೀಮ್‌ಲೈನರ್. 2025ರ ಜೂನ್ 12ರಂದು ವಿಮಾನದಲ್ಲಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಉಳಿದರು, ನೆಲದ ಮೇಲಿದ್ದ 19 ಮಂದಿಯೂ ಹೋದರು. ಡಿಜಿಸಿಎ ಏರ್ ಇಂಡಿಯಾದ ಡ್ರೀಮ್‌ಲೈನರ್‌ಗಳ ಹೆಚ್ಚುವರಿ ತಪಾಸಣೆಗೆ ಹೇಳಿತು, ನೆಲಕ್ಕಿಳಿಸಲಿಲ್ಲ. ಜುಲೈಯಲ್ಲಿ ಬಂದ ಪ್ರಾಥಮಿಕ ವರದಿ ಎರಡೂ ಇಂಜಿನ್‌ಗಳ ಇಂಧನ ಸ್ವಿಚ್ ಒಂದು ಸೆಕೆಂಡಿನ ಅಂತರದಲ್ಲಿ ಕಟ್ ಆದದ್ದನ್ನು ದಾಖಲಿಸಿತು, ಈ ಮಾದರಿ ಓಡಿಸುವವರಿಗೆ ಯಾವ ಸೂಚನೆಯನ್ನೂ ಕೊಡಲಿಲ್ಲ. ಏರ್ ಇಂಡಿಯಾ ನಿವೃತ್ತಿ ಮಾಡಿದ್ದು ವಿಮಾನವನ್ನಲ್ಲ, 171 ಅನ್ನುವ ನಂಬರನ್ನು. ಅದೇ ಡ್ರೀಮ್‌ಲೈನರ್ ಅನ್ನು 2013ರ ಜನವರಿಯಲ್ಲಿ ಒಬ್ಬರೂ ಸಾಯದೆಯೇ ಜಗತ್ತಿನಾದ್ಯಂತ ನೆಲಕ್ಕಿಳಿಸಿದ್ದರು, ಬ್ಯಾಟರಿ ಸುಟ್ಟಿತು ಅಂತ. ಏರ್ ಇಂಡಿಯಾದ ಆರು ವಿಮಾನಗಳೂ ನಿಂತಿದ್ದವು. ಸತ್ತವರ ಸಂಖ್ಯೆ ನೋಡಿ ಯಾರೂ ನಿಲ್ಲಿಸುವುದಿಲ್ಲ. ನಾಳೆ ಇನ್ನೊಂದರಲ್ಲೂ ಹೀಗೇ ಆಗಬಹುದಾ ಅನ್ನುವುದೇ ಅಳತೆಗೋಲು.

ಆ ಅಳತೆಗೋಲು ತಪ್ಪಿದ್ದು ಕೋಝಿಕ್ಕೋಡಿನಲ್ಲಿ. 2020ರ ಆಗಸ್ಟ್ 7ರಂದು ಕರಿಪ್ಪೂರಿನ ಟೇಬಲ್‌ಟಾಪ್ ರನ್‌ವೇಯಿಂದ ದುಬೈ ವಿಮಾನ ಕೆಳಕ್ಕುರುಳಿ 21 ಮಂದಿ ಸತ್ತರು. ಅದೂ 737-800, ಅಂದರೆ ಸಣ್ಣ ವಿಮಾನ. ಆಮೇಲೆ ಅಲ್ಲಿ ನಿಷೇಧಿಸಿದ್ದು ದೊಡ್ಡ ವಿಮಾನಗಳನ್ನು! ಬಿದ್ದ ಮಾದರಿ ಇಳಿಯುತ್ತಲೇ ಇದೆ, ಬೀಳದ ಮಾದರಿಗೆ ಬಾಗಿಲು ಹಾಕಿದರು. ರನ್‌ವೇ ಕೊನೆಯ ಸುರಕ್ಷಾ ಜಾಗ ಸಾಲದು ಅನ್ನುವುದು ಕಾರಣ. ಅದು ಒಪ್ಪುವ ಮಾತೇ. ಆದರೆ ಬೆಲೆ ತೆತ್ತವರು ಹಜ್ಜಿಗೆ ಹೋಗುವವರು. ಸಣ್ಣ ವಿಮಾನದಲ್ಲೇ ಹೋಗಬೇಕಾದ್ದರಿಂದ ಕರಿಪ್ಪೂರಿನಿಂದ ಹಜ್ ಪ್ರಯಾಣದ ದರ ಕಣ್ಣೂರು, ಕೊಚ್ಚಿಗಿಂತ ಮೇಲೇರಿ ಗಲಾಟೆಯೇ ಆಯಿತು.

ಮಾದರಿ ನಿಲ್ಲಿಸದೆ ಬೇರೆ ಏನೋ ಸರಿ ಮಾಡಿ ಜೀವ ಉಳಿಸಿದ್ದಕ್ಕೂ ನಮ್ಮ ದೇಶದಲ್ಲೇ ಸಾಕ್ಷಿ ಇದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ ಸೌದಿಯಾದ 747 ಮತ್ತು ಕಝಕಿಸ್ತಾನದ ಸರಕು ವಿಮಾನದ ಮಾದರಿಯೊಂದು ಡಿಕ್ಕಿಯಾಗಿ 349 ಮಂದಿ ಹೋದರು. ಸೌದಿಗೆ ಕೆಲಸಕ್ಕೆ ಹೊರಟಿದ್ದ ಬಡವರೇ ಅದರಲ್ಲಿ ಹೆಚ್ಚು. 747 ನಿಲ್ಲಲಿಲ್ಲ. ಡಿಕ್ಕಿ ತಪ್ಪಿಸುವ ಎಚ್ಚರಿಕೆ ಉಪಕರಣ ಕಡ್ಡಾಯವಾಯಿತು, ದೆಹಲಿಗೆ ಬರುವ ಮತ್ತು ಹೋಗುವ ದಾರಿ ಬೇರೆ ಬೇರೆ ಆಯಿತು.

ಬಜ್ಪೆಯಲ್ಲಿ ಸರಿಯಾಗಬೇಕಾದ್ದು ಎರಡು, ಗುಡ್ಡದ ಅಂಚು ಮತ್ತು ಪೈಲಟ್‌ನ ನಿದ್ದೆ. ರನ್‌ವೇ ಉದ್ದ ಮಾಡುವ ಮಾತು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ನಿದ್ದೆಯದ್ದು ಮೊನ್ನೆ ಮೊನ್ನೆ ದೊಡ್ಡ ಸುದ್ದಿಯಾಯಿತು, ಆದರೆ ಬೇರೆ ಕಾರಣಕ್ಕೆ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ, ರಾತ್ರಿ ಇಳಿಸುವುದನ್ನು ಆರರಿಂದ ಎರಡಕ್ಕೆ ಇಳಿಸುವ ಹೊಸ ನಿಯಮ 2025ರ ನವೆಂಬರ್ 1ರಿಂದ ಪೂರ್ತಿ ಜಾರಿಗೆ ಬಂತು. ಇಂಡಿಗೋ ಬೇಕಾದಷ್ಟು ಪೈಲಟ್‌ಗಳನ್ನು ಸಿದ್ಧ ಮಾಡಿಕೊಂಡಿರಲಿಲ್ಲ. ಡಿಸೆಂಬರ್ ಮೊದಲ ವಾರ ಸಾವಿರಾರು ವಿಮಾನ ರದ್ದಾದವು, ಮದುವೆಗೆ ಹೊರಟವರು, ಮಯ್ಯತ್‌ಗೆ ಹೊರಟವರು ಎಲ್ಲಾ ವಿಮಾನ ನಿಲ್ದಾಣದಲ್ಲಿ ಕೂತರು. ಡಿಜಿಸಿಎ ಏನು ಮಾಡಿತು? ರಾತ್ರಿ ಪಾಳಿಯ ನಿಯಮದಿಂದ ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಟಿವಿಯವರು ಪ್ರಯಾಣಿಕರ ಸಿಟ್ಟು ತೋರಿಸಿದರು. ನಿಯಮ ಯಾಕೆ ಬಂತು ಅಂತ ಕೇಳಿದವರು ಕಡಿಮೆ.

ನಾವು ಕೇಳಬೇಕಿತ್ತು. ಗಲ್ಫ್‌ನ ವಿಮಾನಗಳು ಹೆಚ್ಚಾಗಿ ನಡುರಾತ್ರಿ ಹೊರಟು ಬೆಳಗಿನ ಜಾವ ಇಳಿಯುವಂಥವು, ಮನುಷ್ಯನ ಕಣ್ಣು ತಾನಾಗಿ ಮುಚ್ಚುವ ಹೊತ್ತು ಅದು. 2010ರ ಆ ವಿಮಾನ ಬಜ್ಪೆಯಲ್ಲಿ ನೆಲ ಮುಟ್ಟಿದ್ದು ಬೆಳಗ್ಗೆ ಆರು ಗಂಟೆ ಕಳೆದು ಕೆಲವೇ ನಿಮಿಷಕ್ಕೆ. ಟಿಕೆಟ್ ತೆಗೆಯುವಾಗ ಬೋಯಿಂಗಾ ಏರ್‌ಬಸ್ಸಾ ಅಂತ ಏಜೆಂಟರನ್ನು ಕೇಳುವ ನಮ್ಮ ಸಂಘ ಸಂಸ್ಥೆಗಳು, ಗಲ್ಫ್‌ನ ಘಟಕಗಳು, ನಮ್ಮ ಸಂಸದರು ಕೇಳಬೇಕಾದ್ದು ಡಿಜಿಸಿಎಯನ್ನು: ರಾತ್ರಿ ಹೋಗಿ ಅದೇ ರಾತ್ರಿ ವಾಪಸ್ ಬರುವ ಪಾಳಿಯಲ್ಲಿ ನಮ್ಮ ಮಕ್ಕಳನ್ನು ಕರೆದುಕೊಂಡು ಬರುವ ಕ್ಯಾಪ್ಟನ್ ಹಿಂದಿನ ದಿನ ಎಷ್ಟು ಗಂಟೆ ಮಲಗಿದ್ದಾನೆ?